ಎಲೆ ಅಡಿಕೆ ಕೊಡದ ಮನೆಗಳು

ನಮ್ಮ ಓಣಿಯ ಉದ್ಧಾರಕರ ಬಗ್ಗೆ ಒಳ್ಳೆಯ ಮಾತು ಬೇಕಾದವರು ಹಾನಗಲ್ಲಿನಲ್ಲಿ ಬೇರೆ ಯಾರನ್ನಾದರೂ ಕೇಳಬೇಕು. ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ತಿಪ್ಪೆಯನ್ನು ಅವರು ಎತ್ತಿಸಿದ್ದು ನಿಜ. ತುಂಬಿ ನಿಂತ ಗಟಾರಕ್ಕೆ ಮೊಣಕಾಲುದ್ದ ಇಳಿದು ಬಳಿದದ್ದೂ ನಿಜ. ತಿಪ್ಪೆ ಇದ್ದಲ್ಲಿ ಈಗ ಕಲ್ಲಿನ ಬೆಂಚು ಇದೆ, ಸಂಜೆ ಮಂದಿ ಅಲ್ಲಿ ಕೂತು ಗಿರ್ಮಿಟ್ ತಿನ್ನುತ್ತಾರೆ. ನಾನೂ ತಿಂದಿದ್ದೇನೆ. ರುಚಿಯಾಗಿಯೇ ಇತ್ತು.

ಅವರು ತಮ್ಮನ್ನು ಬಳಗ ಎಂದು ಕರೆದುಕೊಳ್ಳುತ್ತಾರೆ. ಸರ್ಕಾರದ್ದಲ್ಲ, ಯಾವ ಪಕ್ಷದ್ದೂ ಅಲ್ಲ, ಓಣಿಯವರೇ ಸೇರಿ ಕಟ್ಟಿಕೊಂಡದ್ದು. ಔಷಧಿ ಅಂಗಡಿಯವರು, ಗೊಬ್ಬರದ ಅಂಗಡಿಯವರು, ಬ್ಯಾಂಕಿನವರು, ಇಂಥವರೇ. ರವಿವಾರ ಬೆಳಿಗ್ಗೆ ನೀಲಿ ಟೀ ಶರ್ಟು ತೊಟ್ಟು, ಗುದ್ದಲಿ ಪುಟ್ಟಿ ಹಿಡಿದು ಹೊರಡುತ್ತಾರೆ. ಎಲ್ಲರ ಮುಂದೆ ನಿವೃತ್ತ ಹೆಡ್‌ಮಾಸ್ತರು. ಅವರ ಕೊರಳಲ್ಲಿ ಶಾಲೆಯ ಕಾಲದ ಸೀಟಿ ಇನ್ನೂ ಇದೆ. ಒಮ್ಮೆ ಊದಿದರೆ ಶ್ರಮದಾನ ಶುರುವಾಗಬೇಕು, ಇನ್ನೊಮ್ಮೆ ಊದಿದರೆ ಎಲ್ಲರೂ ಫೋಟೊಕ್ಕೆ ನಿಲ್ಲಬೇಕು. ಗುದ್ದಲಿಯ ಮಣ್ಣು ಒಣಗುವುದರೊಳಗೆ ಫೋಟೊ ಊರೆಲ್ಲರ ಮೊಬೈಲಿಗೆ ಬಂದಿರುತ್ತದೆ.

ಓಣಿ ಶುರುವಾಗುವಲ್ಲಿ ಮೊದಲ ಮನೆ ನಮ್ಮದು. ಅಪ್ಪ ತೀರಿಕೊಂಡ ಮೇಲೆ ಹಳ್ಳಿಯ ಹೊಲವನ್ನು ಪಾಲಿಗೆ ಕೊಟ್ಟು, ಒಬ್ಬಳೇ ಮಗಳಾದ ನಾನೂ ಅವ್ವನೂ ಇಲ್ಲಿಗೆ ಬಂದೆವು. ನಾನು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಬಸ್ಸು ಹತ್ತಿದರೆ ತಲೆತುಂಬ ತೌಡಿನ ಧೂಳು ಹೊತ್ತು ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆ ಅವ್ವನದೇ ರಾಜ್ಯ. ಮಣ್ಣಿನ ಗೋಡೆ, ಹಂಚಿನ ಮಾಡು, ಎರಡು ಜೀವಕ್ಕೆ ಸಾಕಾಗಿತ್ತು.

ಒಂದು ಮಳೆಗಾಲ ಜಿಟಿಜಿಟಿ ಹಿಡಿದ ಮಳೆ ಬಿಡಲೇ ಇಲ್ಲ, ಬೀದಿಯ ಕಡೆಯ ಗೋಡೆ ನೆನೆದು ನೆನೆದು ಕುಸಿದು ಬಿತ್ತು. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು ರಸ್ತೆಯಲ್ಲಿ ಹೋಗುವ ಬಸ್ಸಿನವರಿಗೂ ಕಾಣುವಂತಾಯಿತು. ನಾವು ತಾಡಪತ್ರಿ ಕಟ್ಟಿದೆವು. ಬಳಗದವರಿಗೆ ಆ ತಾಡಪತ್ರಿ ಕಣ್ಣಿನಲ್ಲಿ ಬಿದ್ದ ಕಸ. ಅವರ ಸುಂದರ ಓಣಿಯ ಬಾಯಲ್ಲೇ ಮುರುಕು ಹಲ್ಲು ಇದ್ದರೆ ಫೋಟೊ ಹೇಗೆ ತೆಗೆಯುವುದು? ಹೆಡ್‌ಮಾಸ್ತರು ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವತ್ತು ನನಗೆ ರಜೆ ಇತ್ತು, ನಾನೂ ಮನೆಯಲ್ಲೇ ಇದ್ದೆ.

"ಚಿಂತಿ ಮಾಡಬ್ಯಾಡ್ರಿ ಯವ್ವಾ," ಎಂದರು ಹೆಡ್‌ಮಾಸ್ತರು. "ಮುಂದಿನ ರವಿವಾರ ನಮ್ಮ ಬಳಗ ಬಂದು ಇಟ್ಟಂಗಿ ಗ್ವಾಡಿನ ಕಟ್ಟಿ ನಿಲ್ಲಸ್ತೈತಿ. ನೀವೇನೂ ಕೊಡೂದು ಬ್ಯಾಡ. ಎಲ್ಲಾ ಶ್ರಮದಾನ."

ಅವ್ವನಿಗೆ ಆ ಮಾತು ಚುಚ್ಚಿತು. "ದಾನ ಯಾಕ್ರೀ ಸರ? ಕೈಕಾಲ ಗಟ್ಟಿ ಅದಾವ ನನ್ನವು. ಮುಯ್ಯಾಳ ಅಂತ ಬರೂದಾದ್ರ ಬರ್ರಿ, ಇಲ್ಲಂದ್ರ ತಾಡಪತ್ರಿನ ಇರ್ಲಿ."

ಮುಯ್ಯಾಳು ಎಂದರೇನು ಎಂದು ಈಗಿನವರಿಗೆ ಹೇಳಬೇಕಾಗುತ್ತದೆ. ಅವ್ವ ಬೆಳೆದ ಅಕ್ಕಿಆಲೂರು ಕಡೆಯ ಹಳ್ಳಿಯಲ್ಲಿ, ಭತ್ತದ ನಾಟಿಗೆ ಕೂಲಿಯವರನ್ನು ಕರೆಯಲಾಗದ ಮನೆಗಳು ಅದರ ಮೇಲೆಯೇ ನಡೆಯುತ್ತಿದ್ದವು. ಇವತ್ತು ನೀವು ನನ್ನ ಗದ್ದೆಗೆ ಬಂದು ಬಗ್ಗಿದರೆ ನಾಳೆ ನಾನು ನಿಮ್ಮ ಗದ್ದೆಗೆ ಬಂದು ಬಗ್ಗಬೇಕು. ಒಬ್ಬರಿಗೆ ಆಗದಿದ್ದರೆ ಅದೇ ಮನೆಯ ಇನ್ನೊಬ್ಬರು ಹೋಗಬೇಕು. ಮುಯ್ಯಿ ತೀರಿಸಲು ಬಂದವಳನ್ನು ಆ ಮನೆಯವರು ಸಂಜೆ ಪಡಸಾಲೆಯಲ್ಲಿ ಕೂರಿಸಿ ಊಟ ಹಾಕಿ, ಬಲಗೈಯಲ್ಲಿ ಎಲೆ ಅಡಿಕೆ ಇಟ್ಟು ಕಳಿಸುತ್ತಾರೆ. ಅಲ್ಲಿಗೆ ಮುಯ್ಯಿ ಮುಗಿಯಿತು. ಎಲೆ ಅಡಿಕೆ ಕೈಗೆ ಬೀಳುವ ತನಕ ಅದು ತಲೆಯ ಮೇಲೆಯೇ ಇರುತ್ತದೆ. ಮುಯ್ಯಿ ಹೊತ್ತುಕೊಂಡು ಮಣ್ಣಿಗೆ ಹೋಗಬಾರದು ಎಂಬ ಮಾತನ್ನು ಅವ್ವ ದೇವರ ಹೆಸರಿಗಿಂತ ಹೆಚ್ಚು ಸಲ ಹೇಳಿದ್ದಾಳೆ.

ಹೆಡ್‌ಮಾಸ್ತರು ನಕ್ಕರು. "ಆತು ಬಿಡವಾ, ಮುಯ್ಯಾಳ ಅಂತನ ತಿಳ್ಕೊ." ಮಗುವಿಗೆ ಚಂದಿರ ಕೊಡಿಸುತ್ತೇನೆ ಎಂದು ಹೇಳುವ ಹಗುರದಲ್ಲಿ ಅವರು ಆ ಮಾತು ಆಡಿದರು. ಅವರ ಹೆಂಡತಿ ಮಾತ್ರ ನಗಲಿಲ್ಲ. ಆಕೆಯ ತವರು ಹಿರೇಕೆರೂರು ಕಡೆಯ ಹಂಸಭಾವಿ, ದೊಡ್ಡ ಕಮತದ ಮನೆ. ಆಕೆ ಅವ್ವನನ್ನು ಕಾಲಿನಿಂದ ತಲೆಯ ತನಕ ಒಂದು ಸಲ ನೋಡಿದರು, ಸಂತೆಯಲ್ಲಿ ಎಮ್ಮೆ ನೋಡುವವರು ನೋಡುವ ಹಾಗೆ.

ಗೋಡೆ ಎದ್ದಿತು. ಇಟ್ಟಂಗಿಯನ್ನು ಗೊಬ್ಬರದ ಅಂಗಡಿಯವರು ಕೊಟ್ಟರು, ಗೋಡೆಯ ಮೂಲೆಯಲ್ಲಿ ತಮ್ಮ ಅಂಗಡಿಯ ಹೆಸರು ಬರೆಸುವ ಕರಾರಿನ ಮೇಲೆ. ಬಂದವರಿಗೆಲ್ಲ ಅವ್ವ ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಬಡಿಸುವಾಗ ಒಬ್ಬೊಬ್ಬರನ್ನೂ "ನಿಮ್ಮ ಮನಿ ಯಾವುದ್ರೀ?" ಎಂದು ಕೇಳಿದಳು. ಎಷ್ಟು ಅಂತಃಕರಣ ನೋಡ್ರಿ ಎಂದು ಅವರು ತಮ್ಮೊಳಗೆ ಮಾತಾಡಿಕೊಂಡರು. ಆಕೆ ತಾನು ಹೋಗಬೇಕಾದ ಬಾಗಿಲುಗಳನ್ನು ಗುರುತು ಇಟ್ಟುಕೊಳ್ಳುತ್ತಿದ್ದಳು ಎಂದು ಅವರಿಗೇನು ಗೊತ್ತು?

ಬಳಗದವರು ಅದಕ್ಕೂ ಮೊದಲೊಮ್ಮೆ ಗೊಟಗೋಡಿಗೆ ಪ್ರವಾಸ ಹೋಗಿ, ಅಲ್ಲಿನ ಉದ್ಯಾನದಲ್ಲಿ ಹಳ್ಳಿಯ ಬಾಳಿನ ಸಿಮೆಂಟು ಗೊಂಬೆಗಳನ್ನು ಕಂಡು ಮರುಳಾಗಿ ಬಂದಿದ್ದರು. ಅಂಥದ್ದೇ ಏನಾದರೂ ನಮ್ಮ ಓಣಿಗೂ ಬೇಕೆಂದು ಶಿಗ್ಗಾಂವಿಯಿಂದ ಒಬ್ಬ ಚಿತ್ರಗಾರನನ್ನು ಕರೆಸಿ, ನಮ್ಮ ಹೊಸ ಗೋಡೆಯ ಮೇಲೆ ಒನಕೆ ಹಿಡಿದು ಭತ್ತ ಕುಟ್ಟುವ ಹೆಂಗಸನ್ನು ಬರೆಸಿದರು. ಗುಂಡಗಿನ ತೋಳು, ಕೆಂಪು ಸೀರೆ, ಮೈತುಂಬ ಬಂಗಾರ. ಅಷ್ಟು ಬಂಗಾರ ಹೇರಿಕೊಂಡು ಯಾರು ಭತ್ತ ಕುಟ್ಟುತ್ತಾರೋ ನಾ ಕಾಣೆ. ಕಾಲೇಜಿಗೆ ಹೋಗುವ ಹುಡುಗಿಯರು ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಅವ್ವ ಮುಸುರೆ ನೀರನ್ನು ಅಲ್ಲಿ ಚೆಲ್ಲುವ ಹಾಗಿಲ್ಲ ಎಂದು ಹೆಡ್‌ಮಾಸ್ತರು ತಾಕೀತು ಮಾಡಿದರು.

ಅವ್ವ ಮುಯ್ಯಿಗೆ ಹೋಗಲು ಶುರು ಮಾಡಿದ್ದು ನನಗೆ ತಿಳಿದದ್ದು ವಾಸನೆಯಿಂದ. ಒಂದು ಸಂಜೆ ಆಕೆ ನನಗೆ ಊಟಕ್ಕೆ ಬಡಿಸುವಾಗ ಕೈಯಿಂದ ಫಿನಾಯಿಲ್ ವಾಸನೆ ಬಂತು. ಕೈ ಹಿಡಿದು ನೋಡಿದರೆ ಬೆರಳ ಸಂದುಗಳೆಲ್ಲ ಒಡೆದಿದ್ದವು.

"ಕೈ ಯಾಕ ಬೇ ಹಿಂಗ ಆಗ್ಯಾವ?"

"ಮುಯ್ಯಕ್ಕ ಹೋಗಿದ್ನಿ."

"ಯಾರ ಹೊಲಕ್ಕ?"

"ಹೊಲ ಎಲ್ಲಿ ಐತಿ ಅವ್ರದು? ಹೆಡ್‌ಮಾಸ್ತರ ಮನ್ಯಾಗ ಪಾಯಖಾನಿ ತೊಳದೆ. ಬೋಗಾಣಿ ತಿಕ್ಕಿದೆ."

ನನ್ನ ಬಾಯಿ ಮೊದಲೇ ಹರಿತ. "ಹುಚ್ಚ ಹಿಡದೈತೇನ್ ನಿನಗ? ಅವರು ಫೋಟೊ ಹೊಡಸ್ಕೊಳ್ಳಾಕ ಬಂದಿದ್ರು, ನಿನ್ನ ಮ್ಯಾಲ ಮರುಕಕ್ಕಲ್ಲ."

"ಯಾಕ ಬಂದ್ರು ಅನ್ನೂದು ಅವರ ಕೂಡ ಇರ್ಲಿ. ಬಂದಿದ್ದಂತೂ ಖರೇನ ಅಲ್ಲ?"

"ಹಂಗಾದ್ರ ಒಂದಿನ ಮಾಡಿದ್ಯಲ್ಲ, ಮುಗೀತು. ನಾಳೆ ಮನ್ಯಾಗ ಇರು."

"ಎಲ್ಲಿ ಮುಗೀತು? ಎಲಿ ಅಡಿಕಿ ಕೊಟ್ಟಿಲ್ಲ ಅವ್ರು." ಅವ್ವ ಒಲೆಯ ಹತ್ತಿರ ಇಟ್ಟಿದ್ದ ಕ್ಯಾರಿ ಬ್ಯಾಗು ತೋರಿಸಿದಳು. ಒಳಗೆ ಬೆಳಗಿನ ಚಿತ್ರಾನ್ನ ಮುದ್ದೆಯಾಗಿ ಹಳಸಿತ್ತು. "ಹಿತ್ತಲ ಬಾಗಲದಾಗ ಇದನ್ನ ಕೊಟ್ರು. ಕೂರಿಸಿ ಉಣಸ್ಲಿಲ್ಲ. ಮರ್ತಿರಬೇಕು, ಪಾಪ. ನಾಳೆ ಮತ್ತ ಹೋಗ್ತೇನಿ."

ನಾಳೆ ಹೋದಳು, ನಾಡಿದ್ದು ಹೋದಳು. ಅವರು ಮರೆಯುತ್ತಲೇ ಹೋದರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಅದಕ್ಕೆ ಸರದಿ ನಿಂತಿತು. ಔಷಧಿ ಅಂಗಡಿಯವರ ಮನೆಯಲ್ಲಿ ಬೇಸಿಗೆ ಹಿಡಿಯುತ್ತಲೇ ಶಾವಿಗೆ, ಸಂಡಿಗೆ, ಹಪ್ಪಳ. ಬಿಸಿಲಲ್ಲಿ ಮಾಳಿಗೆ ಹತ್ತಿ ಇಳಿಯುವುದೆಲ್ಲ ಅವ್ವನ ಪಾಲಿಗೆ ಬಂತು. ಬ್ಯಾಂಕಿನವರ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಯ ಕೌದಿ ತೊಳೆಯುವ ಕೆಲಸ. ಒಬ್ಬನಂತೂ ಗೋಡೆ ಕಟ್ಟುವ ದಿನ ರೊಟ್ಟಿಯ ಹೊತ್ತಿಗೆ ಬಂದು, ತಿಂದು, ಬ್ಯಾನರಿನ ಒಂದು ತುದಿ ಹಿಡಿದು ಫೋಟೊದಲ್ಲಿ ನಿಂತು ಹೋದವನು. ಅವನ ಹೆಂಡತಿ ನಲ್ಲಿಯ ಹತ್ತಿರ ಅವ್ವನನ್ನು ಹಿಡಿದು ನಿಲ್ಲಿಸಿ, "ನಮ್ಮನಿಯವ್ರೂ ಬಂದಿದ್ರಲ್ಲ ಬೇ, ನಮ್ಮ ಬಾಗಲಾ ಮರತೇನು?" ಎಂದು ಕೇಳಿದಳಂತೆ. ಅವ್ವ ನಾಚಿಕೊಂಡು, ತಪ್ಪಾಯಿತೆಂದು ಕೈಮುಗಿದು, ಮರುದಿನವೇ ಅಲ್ಲಿಗೂ ಹೋದಳು.

ಗೊಬ್ಬರದ ಅಂಗಡಿಯವರು ಒಂದು ಹೆಜ್ಜೆ ಮುಂದೆ ಹೋದರು. ಮನೆಗೆಲಸದವಳನ್ನು ಬಿಡಿಸಿಬಿಟ್ಟರು. ಆ ಬಡಪಾಯಿ ಹೆಂಗಸು ನಮ್ಮ ಬಣ್ಣದ ಗೋಡೆಯ ಮುಂದೆ ಬಂದು ನಿಂತು, ತನ್ನ ಅನ್ನ ಕಿತ್ತುಕೊಂಡವಳೆಂದು ಅವ್ವನಿಗೆ ಮಣ್ಣು ತೂರಿ ಶಾಪ ಹಾಕಿದಳು. ಬಾಗಿಲು ಹಾಕಿಕೊಂಡು ಅವ್ವ ಅತ್ತಳು. ಮರುದಿನ ಬೆಳಿಗ್ಗೆ ಎದ್ದು ಗೊಬ್ಬರದ ಅಂಗಡಿಯವರ ಮನೆಗೇ ಹೋದಳು. ನನಗೆ ಅವ್ವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ನಾನು ಹೆಡ್‌ಮಾಸ್ತರರ ಮನೆಗೆ ಜಗಳಕ್ಕೇ ಹೋದೆ. ಅವರು ಪಡಸಾಲೆಯ ತೂಗುಮಂಚದಲ್ಲಿ ಪೇಪರು ಓದುತ್ತಾ ಕೂತಿದ್ದರು.

"ಸರ, ನಮ್ಮವ್ವನ್ನ ಆಳು ಮಾಡ್ಕೊಂಡೀರಲ್ಲ, ಇದು ಯಾವ ಸೇವಾ ರೀ?"

"ನಾವ್ ಕರದಿಲ್ಲ ತಂಗಿ," ಎಂದರು, ದನಿ ಏರಿಸದೆ. "ಆಕಿನ ಬರ್ತಾಳ. ಬ್ಯಾಡ ಅಂದ್ರ ನೊಂದ್ಕೊಂತಾಳ. ಅದು ಆಕಿ ಸ್ವಾಭಿಮಾನ, ನಾವು ಗೌರವ ಕೊಡಬೇಕು. ನೋಡ್ತಿರು, ನಿಮ್ಮವ್ವಗ ಒಂದು ಸ್ಥಾನ ಕೊಡ್ತೇವಿ ನಾವು."

ಕೊಟ್ಟರು. ಬಳಗದ ವಾರ್ಷಿಕ ಸಮಾರಂಭದಲ್ಲಿ, ಆ ಕಲ್ಲಿನ ಬೆಂಚಿನ ಪಕ್ಕ ಪೆಂಡಾಲು ಹಾಕಿ, ಅವ್ವನನ್ನು ಆದರ್ಶ ಸ್ವಯಂಸೇವಕಿ ಎಂದು ಸನ್ಮಾನ ಮಾಡಿದರು. ಹೆಗಲಿಗೆ ಶಾಲು ಬಿತ್ತು. ಇಳಕಲ್ ಸೀರೆಯ ಮೇಲೆಯೇ ಆ ನೀಲಿ ಟೀ ಶರ್ಟು ತೊಡಿಸಿದರು. ಸೆರಗು ಕುತ್ತಿಗೆಯ ಹತ್ತಿರ ಸಿಕ್ಕಿಕೊಂಡು ಅವ್ವನಿಗೆ ತಲೆ ಎತ್ತಲು ಆಗಲಿಲ್ಲ. ಅತಿಥಿಗಳು ನಿಷ್ಕಾಮ ಸೇವೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಕೊನೆಗೆ ಹೆಡ್‌ಮಾಸ್ತರರ ಹೆಂಡತಿ ಬೆಳ್ಳಿಯ ತಟ್ಟೆಯಲ್ಲಿ ಸವಣೂರಿನ ಎಳೆಯ ಎಲೆ, ಅಡಿಕೆ ಇಟ್ಟುಕೊಂಡು ವೇದಿಕೆಯ ಮೇಲೆ ಕೂತವರಿಗೆ ಒಬ್ಬೊಬ್ಬರಿಗೇ ಕೊಡುತ್ತಾ ಬಂದರು.

ಅವ್ವನ ಮುಖ ನಾನು ನೋಡುತ್ತಿದ್ದೆ. ತಟ್ಟೆ ಹತ್ತಿರ ಬರುವುದನ್ನು ಕಂಡು ಆಕೆ ಬಲಗೈಯನ್ನು ಸೀರೆಗೆ ಒರೆಸಿಕೊಂಡಳು. ಮೆಲ್ಲಗೆ ಮುಂದೆ ಚಾಚಿದಳು. ಹೆಡ್‌ಮಾಸ್ತರರ ಹೆಂಡತಿ ಅವಳ ಹತ್ತಿರ ಬಂದರು, ನಕ್ಕರು, ಅವಳನ್ನು ದಾಟಿ ಪಕ್ಕದ ಕುರ್ಚಿಯವರಿಗೆ ಎಲೆ ಕೊಟ್ಟರು. ಅವ್ವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಸಮಾರಂಭ ಮುಗಿದ ಮೇಲೆ ಆಕೆ ಅದೇ ಟೀ ಶರ್ಟಿನಲ್ಲಿ ಚಹಾದ ಲೋಟ ಆರಿಸಿದಳು.

ನಾನು ಆ ಹೆಂಗಸಿನ ಹಿಂದೆಯೇ ಅವರ ಅಡುಗೆಮನೆಗೆ ಹೋದೆ. ತಟ್ಟೆಯಲ್ಲಿ ಇನ್ನೂ ಎಲೆ ಉಳಿದಿದ್ದವು.

"ಅಕ್ಕಾರ, ನಿಮ್ಮ ತವರಾಗ ಮುಯ್ಯಾಳ ಇರಲಿಲ್ಲೇನ್ರಿ?"

"ಇರದ ಏನು? ಸುಗ್ಗಿ ಬಂದ್ರ ನಮ್ಮಪ್ಪನ ಪಡಸಾಲಿ ತುಂಬ ಮುಯ್ಯಾಳ ಮಂದಿನ. ಎಷ್ಟ ಮಂದಿಗೆ ನಾನ ನನ್ನ ಕೈಲೆ ಎಲಿ ಅಡಿಕಿ ಕೊಟ್ಟೇನಿ."

"ಮತ್ತ ನಮ್ಮವ್ವಗ ಯಾಕ ಕೊಡ್ಲಿಲ್ರಿ?"

ಆಕೆ ಉಳಿದ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಡುತ್ತಾ ಹೇಳಿದರು: "ಕೊಟ್ರ ನಾಳೆ ಬರೂದಿಲ್ಲಲ್ಲ ತಂಗಿ. ಈಗಿನ ಕಾಲದಾಗ ಮನಿ ಕೆಲಸಕ್ಕ ಯಾರ್ ಸಿಗ್ತಾರ ಹೇಳು? ಉಳದ ಮನಿಯವ್ರಿಗೂ ನಾನ ಹೇಳೇನಿ, ಎಲಿ ಅಡಿಕಿ ಕೊಡಬ್ಯಾಡ್ರಿ ಅಂತ."

ಅಡುಗೆಯ ಗುಟ್ಟು ಹೇಳಿಕೊಡುವವರ ಹಾಗೆ ಹೇಳಿದರು. ನಾಚಿಕೆಯೂ ಇಲ್ಲ, ಸಿಟ್ಟೂ ಇಲ್ಲ. ನನಗೆ ಆ ಬೆಳ್ಳಿಯ ತಟ್ಟೆಯನ್ನು ಎತ್ತಿ ಮುಖಕ್ಕೆ ಹೊಡೆಯಬೇಕೆನ್ನಿಸಿತು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಮನೆಗೆ ಬಂದು ಅವ್ವನಿಗೆ ಒಂದಕ್ಷರ ಬಿಡದೆ ಹೇಳಿದೆ. ಆಕೆಯ ಕಣ್ಣು ತೆರೆಯಲಿ ಎಂದೇ ನೋಯುವ ಹಾಗೆ ಹೇಳಿದೆ. ಅವ್ವ ಒಡೆದ ಬೆರಳಿಗೆ ಎಣ್ಣೆ ಹಚ್ಚಿಕೊಂಡಳು.

"ಹಂಗನ ಅಂತ ನನಗ ಗೊತ್ತಾಗಿತ್ತು," ಎಂದಳು ಆಮೇಲೆ. "ಕೊಡದಿದ್ರ ಪಾಪ ಅವ್ರದು. ಹೋಗದಿದ್ರ ಪಾಪ ನಂದು. ನಾ ಮುಯ್ಯ ಹೊತ್ಕೊಂಡು ಮಣ್ಣಿಗೆ ಹೋಗೂದಿಲ್ಲ."

ಇಂಥವಳ ಜೊತೆ ಜಗಳವಾಡಿ ಗೆದ್ದವರು ಯಾರೂ ಇಲ್ಲ. ನಾನು ಬೈದೆ, ಅತ್ತೆ, ಮಾತು ಬಿಟ್ಟೆ. ಆಕೆ ನನ್ನ ಬುತ್ತಿ ಕಟ್ಟಿ ಕೊಟ್ಟು, ನಾನು ಬಸ್ಸು ಹತ್ತಿದ ಮೇಲೆ ಯಾವುದಾದರೂ ಹಿತ್ತಲ ಬಾಗಿಲಿಗೆ ಹೋಗುತ್ತಲೇ ಇದ್ದಳು.

ಔಷಧಿ ಅಂಗಡಿಯವರ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿರುವಾಗ ಆಕೆಗೆ ಲಕ್ವಾ ಹೊಡೆಯಿತು. ಔಷಧಿ ಮಾರುವವರ ಮನೆ ನೋಡಿ, ಗುಳಿಗೆಗಳಿಗೇನೂ ಕಡಿಮೆ ಇರಲಿಲ್ಲ. ಅವರು ಆಕೆಯನ್ನು ಆಟೊದಲ್ಲಿ ಹಾಕಿ, ನಮ್ಮ ಮನೆಯ ಕಟ್ಟೆಯ ಮೇಲೆ ಮಲಗಿಸಿ, ನನಗೆ ಫೋನು ಮಾಡಿ ಹೋದರು. ಹಾವೇರಿಯ ದವಾಖಾನೆ, ಆಮೇಲೆ ಹುಬ್ಬಳ್ಳಿಯ ದವಾಖಾನೆ. ಜೀವ ಉಳಿಯಿತು. ಮಾತು ಹೋಯಿತು, ಬಲಗೈ ಬಲಗಾಲು ಹೋದವು.

ಮನೆಗೆ ಕರೆತಂದ ಮೇಲೆ ಬಳಗದವರು ಎಳನೀರು, ಬ್ರೆಡ್ಡು ಹಿಡಿದುಕೊಂಡು ನೋಡಲು ಬಂದರು. ಹೆಡ್‌ಮಾಸ್ತರರ ಹೆಂಡತಿ ಅವ್ವನ ಹಣೆ ಮುಟ್ಟಿ ಲೊಚಗುಟ್ಟಿದರು. ಓಣಿಯ ಹೆಂಗಸರೆಲ್ಲ ತುಂಬಿ ನಿಂತಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಅಕ್ಕಾರ, ಇನ್ನಂತೂ ಆಕಿ ಕೆಲಸಕ್ಕ ಬರೂದಿಲ್ಲ. ಈಗರ ಎಲಿ ಅಡಿಕಿ ಕೊಟ್ಟುಬಿಡ್ರಿ."

ಅಷ್ಟು ಜನರ ಮುಂದೆ ಆಕೆಗೆ ಆಗುವುದಿಲ್ಲ ಎನ್ನಲು ಆಗಲಿಲ್ಲ. ಮನೆಯಿಂದ ಎಲೆ ಅಡಿಕೆ ತರಿಸಿ ಅವ್ವನ ಮುಂದೆ ಹಿಡಿದರು. ಅವ್ವನ ಕಣ್ಣು ಹೊಳೆಯಿತು. ಆಕೆ ತನ್ನ ಬಲಗೈಯ ಕಡೆ ನೋಡಿದಳು. ಅದು ಕೌದಿಯ ಮೇಲೆ ಯಾರದೋ ಕೈಯಂತೆ ಬಿದ್ದಿತ್ತು. ಎಡಗೈ ಸ್ವಲ್ಪ ಎದ್ದಿತು, ಆಮೇಲೆ ಆಕೆಯೇ ಅದನ್ನು ಕೌದಿಯ ಒಳಗೆ ಎಳೆದುಕೊಂಡಳು. ಎಡಗೈಯಲ್ಲಿ ಎಲೆ ಅಡಿಕೆ ತೆಗೆದುಕೊಳ್ಳುವುದುಂಟೇ? ನಾನು ಬಲಗೈ ಎತ್ತಿ ಹಿಡಿದು ಅಂಗೈ ಬಿಡಿಸಿದೆ. ಎಲೆ ಅಡಿಕೆ ಅದರ ಮೇಲೆ ಬಿದ್ದವು. ಬೆರಳು ಮಡಚಲಿಲ್ಲ. ಎಲೆ ಜಾರಿ ನೆಲಕ್ಕೆ ಬಿತ್ತು, ಅಡಿಕೆ ಹೊರಳಿ ಮಂಚದ ಕೆಳಗೆ ಹೋಯಿತು.

"ನಾ ಕೊಟ್ಟೇನಿ ನೋಡ್ರಿ," ಎಂದರು ಹೆಡ್‌ಮಾಸ್ತರರ ಹೆಂಡತಿ, ಸುತ್ತಲಿದ್ದವರ ಕಡೆ ತಿರುಗಿ. "ಆಕಿನ ಹಿಡೀಲಿಲ್ಲ."

ಮುಂದಿನ ರವಿವಾರ ನಾನು ಗುಳಿಗೆ ತರಲು ಪೇಟೆಗೆ ಹೋಗಿದ್ದೆ. ತಿರುಗಿ ಬರುವಾಗ ಓಣಿಯ ಬಾಯಲ್ಲೇ ಸೀಟಿ ಕೇಳಿಸಿತು. ಬಳಗದವರು ನಮ್ಮ ಹೊಸ್ತಿಲು ಒಡೆದು, ಗಾಲಿ ಕುರ್ಚಿ ಇಳಿಯಲೆಂದು ಸಿಮೆಂಟಿನ ಇಳಿಜಾರು ಮಾಡುತ್ತಿದ್ದರು. ಅವ್ವನನ್ನು ದಾನವಾಗಿ ಬಂದ ಆ ಗಾಲಿ ಕುರ್ಚಿಯಲ್ಲಿ ಕೂರಿಸಿ, ಸೀರೆಯ ಮೇಲೆ ಟೀ ಶರ್ಟು ತೊಡಿಸಿ, ಬಣ್ಣದ ಹೆಂಗಸಿನ ಪಕ್ಕ ನಿಲ್ಲಿಸಿದ್ದರು. ಅವ್ವ ಗುದ್ದಲಿಗಳನ್ನು ನೋಡುತ್ತಿದ್ದಳು. ಮತ್ತೆ ಮುಯ್ಯಿ. ಮತ್ತೆ ಇಷ್ಟು ಮಂದಿಯ ಮುಯ್ಯಿ. ಸೊಟ್ಟಗಾದ ಬಾಯಿಂದ ಕರು ಕೂಗಿದಂಥ ದನಿ ಹೊರಡುತ್ತಿತ್ತು, ಕಣ್ಣೀರು ಗಲ್ಲದ ಮೇಲಿಂದ ಹರಿದು ಟೀ ಶರ್ಟಿನ ಮೇಲೆ ಬೀಳುತ್ತಿತ್ತು.

"ನೋಡ್ರಿ, ಆನಂದಬಾಷ್ಪ!" ಎಂದರು ಹೆಡ್‌ಮಾಸ್ತರು. ಎರಡನೆಯ ಸೀಟಿ ಊದಿದರು. ಎಲ್ಲರೂ ಫೋಟೊಕ್ಕೆ ನಿಂತರು.

ನಾನು ಗುಳಿಗೆಯ ಚೀಲ ಬಿಸಾಡಿ ಕೂಗಾಡಿದೆ, ಎಲ್ಲರೂ ಇಲ್ಲಿಂದ ನಡೆಯಿರಿ ಎಂದೆ. ಉಪಕಾರ ಮಾಡಿದವರ ಮೇಲೇ ಉಗುಳುವವಳು ಎಂದು ಯಾರೋ ಅಂದದ್ದು ಕೇಳಿಸಿತು. ಅವರೆಲ್ಲ ಹೋದ ಮೇಲೆ ಅವ್ವ ನನ್ನನ್ನೇ ನೋಡಿದಳು. ಎಡಗೈ ಎತ್ತಿ ಬೆರಳನ್ನು ನನ್ನ ಎದೆಗೆ ತೋರಿಸಿದಳು, ಆಮೇಲೆ ಓಣಿಯ ಕಡೆಗೆ ತೋರಿಸಿದಳು. ಮನೆಯ ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಹೋಗಬೇಕು. ಆಗುವುದಿಲ್ಲ ಎಂದೆ. ಆಕೆ ಗಂಜಿ ಕುಡಿಯಲಿಲ್ಲ. ಚಮಚ ಬಾಯಿಗೆ ಹಿಡಿದರೆ ಮುಖ ತಿರುಗಿಸಿ ಬೆರಳು ಎತ್ತುತ್ತಿದ್ದಳು.

ಗಿರಣಿಗೆ ರಜೆ ಹಾಕಿ, ನೆರೆಮನೆಯವರನ್ನು ಅವ್ವನ ಹತ್ತಿರ ಕೂರಿಸಿ, ನಾನು ಹೆಡ್‌ಮಾಸ್ತರರ ಮನೆಗೆ ಹೋದೆ. ಬಾಗಿಲು ತೆರೆದ ಹೆಂಗಸು ನನ್ನನ್ನು ಕಂಡು ಒಂದು ಚೂರೂ ಬೆರಗಾಗಲಿಲ್ಲ.

"ಬಂದ್ಯಾ? ಬಾ. ಹಿತ್ತಲಾಗ ಬೋಗಾಣಿ ಬಿದ್ದಾವ."

ತಿಕ್ಕಿದೆ. ನೆಲ ಒರೆಸಿದೆ, ಪಾಯಖಾನೆ ತೊಳೆದೆ, ಮಾಳಿಗೆ ಗುಡಿಸಿದೆ. ಅವ್ವನ ಕೈಯಲ್ಲಿ ಬರುತ್ತಿದ್ದ ಆ ವಾಸನೆ ನನ್ನ ಕೈಗೂ ಹತ್ತಿತು. ಸಂಜೆ ಆಕೆ ಹಿತ್ತಲ ಬಾಗಿಲಲ್ಲಿ ಕ್ಯಾರಿ ಬ್ಯಾಗು ಚಾಚಿದರು. ನಾನು ಅದನ್ನು ಮುಟ್ಟಲಿಲ್ಲ. ಮನೆಯನ್ನು ಸುತ್ತಿ ಮುಂದಿನ ಬಾಗಿಲಿಂದ ಒಳಗೆ ಹೋದೆ.

ಪಡಸಾಲೆಯಲ್ಲಿ ಅತಿಥಿಗಳಿದ್ದರು. ಹಿರೇಕೆರೂರಿನಿಂದ ಬಂದವರು, ತಮ್ಮ ಓಣಿಯಲ್ಲೂ ಇಂಥದ್ದೇ ಬಳಗ ಕಟ್ಟಬೇಕೆಂದು ಕೇಳಿ ತಿಳಿಯಲು ಬಂದಿದ್ದರು. ಹೆಡ್‌ಮಾಸ್ತರು ತೂಗುಮಂಚದಲ್ಲಿ ಕೂತು ಅವ್ವ ಅಳುವ ಫೋಟೊವನ್ನು ಮೊಬೈಲಿನಲ್ಲಿ ತೋರಿಸುತ್ತಿದ್ದರು. ನಾನು ಅವರ ಎದುರಿಗೇ, ಚಾಪೆಯ ನಡುವೆ ಕೂತೆ.

"ಮುಯ್ಯಕ್ಕ ಬಂದಿದ್ನಿರಿ, ಸರ. ಕೆಲಸ ಮುಗೀತು. ಊಟಕ್ಕ ಹಾಕ್ರಿ. ಎಲಿ ಅಡಿಕಿ ಕೊಟ್ರ ಹೋಗ್ತೇನಿ."

"ಏಳು ತಂಗಿ, ಮಂದಿ ಅದಾರ," ಎಂದರು ಹೆಡ್‌ಮಾಸ್ತರು.

"ಅದಾರ ಅಂತನ ಕುಂತೇನ್ರಿ. ಈ ಫೋಟೊದಾಗಿನ ಹೆಣ್ಮಗಳು ನಮ್ಮವ್ವ. ಆಕಿಗೆ ಇವರು ದಿನಾ ಹಿತ್ತಲಾಗ ಹಳಸಿದ್ದು ಕೊಟ್ಟು ಕಳಿಸ್ಯಾರ, ಎಲಿ ಅಡಿಕಿ ಕೊಟ್ರ ಬರೂದು ಬಿಡ್ತಾಳಂತ."

ಅತಿಥಿಗಳಲ್ಲಿ ವಯಸ್ಸಾದವರೊಬ್ಬರಿದ್ದರು, ರುಮಾಲು ಸುತ್ತಿದವರು. ಅವರು ಕೈಯಲ್ಲಿದ್ದ ಚಹಾವನ್ನು ಕೆಳಗಿಟ್ಟರು. "ಮುಯ್ಯಾಳಿಗೆ ಹಿತ್ತಲಿಂದ ಕೊಟ್ಟು ಕಳಸ್ತಾರೇನ್ರೀ ನಿಮ್ಮೂರಾಗ?" ಎಂದು ಹೆಡ್‌ಮಾಸ್ತರರನ್ನು ಕೇಳಿದರು. ಆಮೇಲೆ ಅವರು ಆ ಚಹಾ ಮುಟ್ಟಲಿಲ್ಲ.

ತಟ್ಟೆ ಬಂತು. ನಾನು ನಿಧಾನವಾಗಿ ಉಂಡೆ. ಹಸಿವು ತೀರಿದ ಮೇಲೂ ಉಂಡೆ. ಅನ್ನ ಕೇಳಿದೆ, ಸಾರು ಕೇಳಿದೆ, ಉಪ್ಪಿನಕಾಯಿ ಕೇಳಿದೆ. ಹೆಡ್‌ಮಾಸ್ತರರ ಹೆಂಡತಿ ನನ್ನ ಮುಂದೆ ಬಗ್ಗಿ ಬಗ್ಗಿ ಬಡಿಸುವುದನ್ನು ನೋಡಿ ನನಗೆ ಆದ ಸಂತೋಷವನ್ನು ಯಾಕೆ ಮುಚ್ಚಿಡಲಿ? ಕೊನೆಗೆ ಕೈ ತೊಳೆದು ಬಲಗೈ ಚಾಚಿದೆ. ಆಕೆ ನನ್ನ ಮುಖ ನೋಡದೆ ಎಲೆ ಅಡಿಕೆ ಇಟ್ಟರು. ನಾನು ಬೆರಳು ಬಿಗಿಯಾಗಿ ಮಡಚಿಕೊಂಡೆ.

ಮನೆಗೆ ಬಂದು ಅಂಗೈಯನ್ನು ಅವ್ವನ ಕಣ್ಣಿನ ಮುಂದೆ ಬಿಡಿಸಿದೆ. ಆಕೆ ಬಹಳ ಹೊತ್ತು ನೋಡಿದಳು. ಸುಣ್ಣ ಹಚ್ಚಿ, ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, ಬೆರಳ ತುದಿಯಷ್ಟು ತೆಗೆದು ಆಕೆಯ ನಾಲಿಗೆಯ ಮೇಲೆ ಇಟ್ಟೆ. ಅವ್ವ ಕಣ್ಣು ಮುಚ್ಚಿದಳು. ಬಾಯಿಯ ಸೊಟ್ಟ ಮೂಲೆಯಿಂದ ಕೆಂಪು ರಸ ಇಳಿಯಿತು, ನನ್ನ ಸೆರಗಿನಿಂದ ಒರೆಸಿದೆ. ಆಮೇಲೆ ಗಂಜಿ ಹಿಡಿದರೆ ಕುಡಿದಳು. ಎಷ್ಟೋ ದಿನಗಳ ಮೇಲೆ ಬಟ್ಟಲು ಖಾಲಿಯಾಯಿತು.

"ಮುಗೀತು ಬೇ," ಎಂದೆ. "ಇನ್ನ ಸುಮ್ನ ಮಲಕ್ಕೊ."

ಅವ್ವ ಕಣ್ಣು ತೆರೆದಳು. ಕೌದಿಯ ಒಳಗಿಂದ ಎಡಗೈ ಮೆಲ್ಲಗೆ ಹೊರಗೆ ಬಂತು. ಬೆರಳು ಎದ್ದು, ಕಿಟಕಿಯ ಆಚೆ, ಔಷಧಿ ಅಂಗಡಿಯವರ ಮನೆಯ ಕಡೆಗೆ ತಿರುಗಿತು.

ನಾನು ಆ ಬೆರಳನ್ನು ಹಿಡಿದು ಮಡಚಿದೆ. ಅದು ಮತ್ತೆ ಎದ್ದಿತು.